ಬಾಗಲಗುಂಟೆಯ ದೃಷ್ಟಿಗೊಂಬೆ

ವೀರೇಶನ ಮಾತನ್ನು ನಂಬುವುದಾದರೆ, ಅವನು ಪೀಣ್ಯದ ಪಂಪು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಕೂತದ್ದು ಕನ್ನಡ ನಾಡಿಗೆ ಆದ ನಷ್ಟ. ಅವನು ಹುಟ್ಟಿದ್ದೇ ವ್ಯಂಗ್ಯಚಿತ್ರ ಬರೆಯುವುದಕ್ಕೆ. ದಾವಣಗೆರೆಯಿಂದ ಡಿಪ್ಲೊಮಾ ಹಿಡಿದು ಇಲ್ಲಿಗೆ ಬಂದದ್ದು ಬರೀ ಹೊಟ್ಟೆಪಾಡಿಗೆ. ಪಂಪಿನ ಹೊಟ್ಟೆ ಸೀಳಿದರೆ ಒಳಗೆ ಏನೇನು ಕಾಣುತ್ತದೋ ಅದನ್ನು ಕೂದಲೆಳೆಯಂಥ ಗೆರೆಗಳಲ್ಲಿ ಟ್ರೇಸಿಂಗ್ ಕಾಗದದ ಮೇಲೆ ಇಳಿಸುವುದು ಅವನ ಕೆಲಸ. ಆದರೆ ಹಾಳಾದ ಕಾಗದದ ಒಂದು ಅಂಚು ಸಿಕ್ಕಿತೋ, ಅಲ್ಲೊಂದು ಮೂಗು ಹುಟ್ಟುತ್ತಿತ್ತು, ಮೂಗಿನ ಹಿಂದೆ ಒಂದು ಮುಖ ಬರುತ್ತಿತ್ತು.

ಆ ಮುಖ ಯಾರದು ಎಂಬುದು ಮಾತ್ರ ಸಾಮಾನ್ಯವಾಗಿ ಅವನೊಬ್ಬನಿಗೇ ಗೊತ್ತಿರುತ್ತಿತ್ತು. ಫೋರ್‌ಮನ್ ಕರಿಬಸಪ್ಪನವರು ನಿವೃತ್ತರಾದಾಗ ಅವನು ಬರೆದ ಅವರ ಚಿತ್ರಕ್ಕೆ ಗಾಜು ಹಾಕಿಸಿ ಬೀಳ್ಕೊಡುಗೆಯಲ್ಲಿ ಕೊಟ್ಟಿದ್ದರು. ಕರಿಬಸಪ್ಪನವರು ಅದನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಯಾವ ಸ್ವಾಮಿಗಳೋ ಏನೋ, ಮುಖದಾಗ ಒಳ್ಳೆ ಕಳೆ ಐತಿ" ಎಂದು ಕಣ್ಣಿಗೊತ್ತಿಕೊಂಡರು. ಅದು ಈಗ ಅವರ ದೇವರ ಮನೆಯಲ್ಲಿದೆಯಂತೆ. ಸುರಕ್ಷತಾ ಸಪ್ತಾಹಕ್ಕೆಂದು ಹೆಲ್ಮೆಟ್ ಹಾಕದ ಕಾರ್ಮಿಕನ ತಲೆ ಬರೆದು ಗೇಟಿನ ಬಳಿ ಅಂಟಿಸಿದಾಗ, ಆ ಕೂದಲೆಣ್ಣೆ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಅಸೆಂಬ್ಲಿಯವರು ವಿಚಾರಿಸಿಕೊಂಡು ಬಂದರು. ವಾರಪತ್ರಿಕೆಯೊಂದರಲ್ಲಿ ಅವನ ಮೂರು ಚಿತ್ರಗಳು ಬೆಂಕಿಪೊಟ್ಟಣದ ಗಾತ್ರದಲ್ಲಿ ಅಚ್ಚಾಗಿದ್ದವು. ಒಂದರ ಕೆಳಗೆ ಬೇರೆ ಯಾರದೋ ಹೆಸರು ಬಿದ್ದಿತ್ತು. ಆ ಬೇರೆ ಯಾರೋ ಗಾಬರಿಯಾಗಿ, ಅದು ತಮ್ಮದಲ್ಲವೆಂದು ಮುಂದಿನ ವಾರವೇ ಸ್ಪಷ್ಟೀಕರಣ ಹಾಕಿಸಿದರು.

ಇದಕ್ಕೆಲ್ಲ ಕುಗ್ಗುವ ಆಸಾಮಿ ವೀರೇಶನಲ್ಲ. ಅವನ ಬಳಿ ಒಂದು ಸಿದ್ಧಾಂತವಿತ್ತು. ಮನುಷ್ಯ ತನ್ನ ಮುಖದಲ್ಲಿ ಏನನ್ನು ಮುಚ್ಚಿಡುತ್ತಾನೋ ಅದನ್ನು ದೊಡ್ಡದು ಮಾಡಿ ತೋರಿಸುವವನೇ ವ್ಯಂಗ್ಯಚಿತ್ರಕಾರ; ಜನರಿಗೆ ಗುರುತು ಸಿಗಲಿಲ್ಲವೆಂದರೆ ಅದು ಜನರ ಕಣ್ಣಿನ ದೋಷ. ಈ ಸಿದ್ಧಾಂತವನ್ನು ಅವನು ಊಟಕ್ಕೆ ಕೂತಾಗಲೆಲ್ಲ ಹೆಂಡತಿ ಶಿವಲಿಂಗಮ್ಮನಿಗೆ ವಿವರಿಸುತ್ತಿದ್ದ. ಅವಳು ತಲೆ ಆಡಿಸಿ, "ಹೌದ್ರಿ, ಇನ್ನೊಂದಿಷ್ಟು ಸಾರು ಹಾಕ್ಲಾ?" ಎಂದು ಕೇಳುತ್ತಿದ್ದಳು.

ತೊಂಬತ್ತಾರನೇ ಇಸವಿಯಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬರುತ್ತದೆಂಬ ಸುದ್ದಿ ಬಂತು. ಇನ್ನು ಮೇಲೆ ಬೋರ್ಡು ಬೇಡ, ಪೆನ್ಸಿಲ್ಲು ಬೇಡ, ಗೆರೆಯೆಲ್ಲ ಪರದೆಯ ಮೇಲೆ. ಡ್ರಾಯಿಂಗ್ ವಿಭಾಗದಲ್ಲಿದ್ದವರು ನಾಲ್ಕು ಜನ, ಬರುವ ಕಂಪ್ಯೂಟರ್ ಎರಡು. ಇಬ್ಬರಿಗೆ ತರಬೇತಿ, ಉಳಿದಿಬ್ಬರು ಜಿಗಣಿಯ ಹೊಸ ಘಟಕದ ಉಗ್ರಾಣಕ್ಕೆ. ಜಿಗಣಿ ಎಂದರೆ ವೀರೇಶನ ಬಾಗಲಗುಂಟೆಯಿಂದ ಇಡೀ ಬೆಂಗಳೂರನ್ನು ದಾಟಿ ಆಚೆ. ಬಸ್ಸು ಬದಲಿಸಿ ಬದಲಿಸಿ ಹೋಗಿ, ಅಲ್ಲಿ ಬೋಲ್ಟು ನಟ್ಟು ಎಣಿಸಿ, ಮತ್ತೆ ಬಸ್ಸು ಬದಲಿಸಿ ಬರಬೇಕು. ಅದಕ್ಕೂ ಅವನು ತಯಾರಾದಾನು. ಆದರೆ ಆಮೇಲೆ ಕೈಗೆ ಗೆರೆಯ ಕೆಲಸವೇ ಇರುವುದಿಲ್ಲ. ಪಂಪಿನದಾದರೂ ಸರಿ, ಗೆರೆ ಎಳೆದು ಬದುಕುವವನೆಂಬ ಒಂದೇ ಒಂದು ಹೆಮ್ಮೆ ಅವನಿಗಿತ್ತು. ಅದು ಹೋದರೆ ತಾನು ಯಾರೆಂದು ಹೇಳಿಕೊಳ್ಳುವುದೆಂದು ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಯಾರು ಉಳಿಯಬೇಕೆಂದು ತೀರ್ಮಾನಿಸುವವರು ಜನರಲ್ ಮ್ಯಾನೇಜರ್ ಪಟ್ಟಾಭಿರಾಮ್. ಎಲ್ಲರೂ ಅವರನ್ನು ಜಿ.ಎಂ. ಎಂದೇ ಕರೆಯುತ್ತಿದ್ದರು. ಒಂದು ಶುಕ್ರವಾರ ಅವರು ಡ್ರಾಯಿಂಗ್ ವಿಭಾಗಕ್ಕೆ ಬಂದು, ವೀರೇಶನ ಬೋರ್ಡಿನ ಪಕ್ಕ ನಿಂತು, "ಏನ್ರೀ ವೀರೇಶ್, ಒಂದು ಶೀಟಿಗೆ ಒಂದು ವಾರ ತಗೋತೀರಿ. ಪಂಪೇ ಇದಕ್ಕಿಂತ ಬೇಗ ರೆಡಿಯಾಗತ್ತೆ" ಎಂದರು. ವಿಭಾಗವೆಲ್ಲ ನಕ್ಕಿತು. ವೀರೇಶನೂ ತಲೆ ತಗ್ಗಿಸಿಕೊಂಡೇ ನಕ್ಕ. ಒಳಗೊಳಗೆ ಮಾತ್ರ ಕುದಿದುಹೋದ.

ಆ ಕುದಿ ಆರುವ ಮೊದಲೇ ಮನೆ ಮಾಲೀಕ ರಾಮಾಂಜಿನಪ್ಪನವರು ಬಂದು ಬಾಗಿಲು ತಟ್ಟಿದರು. ರಾಗಿ ಹೊಲವಿದ್ದ ಜಾಗದಲ್ಲಿ ಒಂದೊಂದೇ ಮನೆ ಎಬ್ಬಿಸಿ ಬಾಡಿಗೆಗೆ ಕೊಟ್ಟುಕೊಂಡು ಬಂದವರು ಅವರು. ಈಗ ಬಸ್ ಸ್ಟಾಪಿನ ಎದುರಿಗೇ ಮೂರಂತಸ್ತಿನ ಕಟ್ಟಡ ಏಳುತ್ತಿತ್ತು. ಏಳುತ್ತಿತ್ತು ಅನ್ನುವುದಕ್ಕಿಂತ ಎದ್ದು ಬೀಳುತ್ತಿತ್ತು ಎನ್ನಬೇಕು. ಮೇಸ್ತ್ರಿ ಸಾರುವೆಯಿಂದ ಜಾರಿ ಕಾಲು ಉಳುಕಿಸಿಕೊಂಡಿದ್ದ. ಸೆಂಟ್ರಿಂಗ್ ಹಲಗೆ ಒಂದು ಕಡೆ ಕುಸಿದಿತ್ತು. ರಾಮಾಂಜಿನಪ್ಪನವರ ತಾಯಿ ಪಿಳ್ಳಮ್ಮ ಇದಕ್ಕೆಲ್ಲ ಕಾರಣ ಕಂಡುಹಿಡಿದುಬಿಟ್ಟಿದ್ದರು. ಕಟ್ಟಡಕ್ಕೆ ನೇತುಹಾಕಿದ್ದ ದೃಷ್ಟಿಗೊಂಬೆ ಸರಿಯಿಲ್ಲ.

"ಮಾರ್ಕೆಟ್ಟಿಂದ ತಂದವ್ನೆ ಇವ್ನು," ಎಂದರು ಮಗನ ಹಿಂದೆಯೇ ಬಂದ ಪಿಳ್ಳಮ್ಮ. "ಅದ್ರ ಮೊಕ ನೋಡುದ್ರೆ ಎಣ್ಣು ನೋಡಕ್ ಬಂದಿರೋ ಗಂಡಿನಂಗೈತೆ. ಅದುಕ್ಕೆ ಯಾರ ಕಣ್ಣು ಎದರ್ತದೆ? ನೀನು ಬೊಂಬೆ ಬರೆಯೋನಂತಲ್ಲಪ್ಪ, ಒಂದು ಒಳ್ಳೆ ಕೆಟ್ಟ ಮೊಕ ಬರ್ಕೊಡು."

ಜೀವನದಲ್ಲಿ ಮೊದಲ ಬಾರಿಗೆ ಒಬ್ಬರು ತಾವಾಗಿ ಬಂದು ವೀರೇಶನ ಬಳಿ ಚಿತ್ರ ಕೇಳಿದ್ದರು. ಅವನು ಒಂದೆರಡು ಸಲ ಬೇಡವೆಂದ, ಆಮೇಲೆ ಇನ್ನೆಲ್ಲಿ ಅವರು ಸರಿ ಬಿಡು ಅನ್ನುತ್ತಾರೋ ಎಂದು ಬೇಗನೆ ಒಪ್ಪಿಕೊಂಡ.

ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಎಣ್ಣೆ ಡ್ರಮ್ಮಿನ ಮುಚ್ಚಳವೊಂದನ್ನು ಮಲಗಿಸಿ, ಎನಾಮಲ್ ಡಬ್ಬಿಗಳನ್ನು ಸುತ್ತ ಇಟ್ಟುಕೊಂಡು ಕೂತ. ಕೆಟ್ಟ ಮುಖ ಎಂದರೆ ಯಾರದು? ಯೋಚಿಸುವ ಅಗತ್ಯವೇ ಬೀಳಲಿಲ್ಲ. ಜಿ.ಎಂ. ಮುಖವನ್ನು ಎದುರಿಗೆ ತಂದುಕೊಳ್ಳಲು ಕಣ್ಣು ಮುಚ್ಚಿದ. ಮೊದಲು ಹೊಳೆಯುವ ಕರಿ ಬೂಟು ಬಂತು, ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟು, ಬೆಲ್ಟಿನ ಬಕಲ್ಲು. ಇನ್ನೂ ಮೇಲಕ್ಕೆ ಹೋಗುವಷ್ಟರಲ್ಲಿ ಕೈಗೆ ತಡೆಯಲಾಗಲಿಲ್ಲ, ಕುಂಚ ಓಡಿತು. ಉಬ್ಬಿದ ಕಣ್ಣು, ತುದಿಯಲ್ಲಿ ಬಾಗಿದ ಮೂಗು, ಗಂಟಿಕ್ಕಿದ ಹುಬ್ಬು, ಗಲ್ಲದ ಕೆಳಗೆ ಇನ್ನೊಂದು ಗಲ್ಲ. ಕಡೆಗೆ ಎರಡು ಕೊಂಬು, ನಾಲ್ಕು ಕೋರೆ ಹಲ್ಲು, ಗಲ್ಲ ದಾಟಿ ಜೋತಾಡುವ ನಾಲಿಗೆ. ಕೊಂಬು ಹಲ್ಲು ಇದ್ದರೆ ನಾಳೆ ಯಾರಾದರೂ ಕೇಳಿದಾಗ ರಾಕ್ಷಸ ಎಂದು ಹೇಳಿ ಪಾರಾಗಬಹುದು. ಸೇಡು ತೀರಿಸಿಕೊಳ್ಳುವಾಗಲೂ ಅವನು ತಪ್ಪಿಸಿಕೊಳ್ಳುವ ದಾರಿ ನೋಡಿಕೊಂಡೇ ತೀರಿಸಿಕೊಳ್ಳುವವನು. ಶಿವಲಿಂಗಮ್ಮ ಕಾಫಿ ತಂದುಕೊಟ್ಟು, ಮುಚ್ಚಳವನ್ನೂ ಗಂಡನನ್ನೂ ಒಮ್ಮೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಕೆಳಗಿಳಿದು ಹೋದಳು.

ಗೊಂಬೆಯನ್ನು ಕಟ್ಟಡದ ಮುಂಭಾಗಕ್ಕೆ, ರಸ್ತೆಯ ಕಡೆ ಮುಖಮಾಡಿ ಕಟ್ಟಿದರು. ಪಿಳ್ಳಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಈಗ ಸರಿಯಾಯ್ತು. ನೋಡುದ್ರೆ ಒಟ್ಟೆ ತೊಳಸ್ತದೆ" ಎಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ವೀರೇಶನಿಗೆ ಅದುವರೆಗೆ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಕಟ್ಟಡದ ಎದುರಿನ ಸ್ಟಾಪಿನಲ್ಲಿ ನಿಂತಿತು. ಮೊದಲು ಒಬ್ಬ ಕಿಟಕಿಯಿಂದ ಕೈ ತೋರಿಸಿದ, ಆಮೇಲೆ ಒಂದು ಬದಿಯವರೆಲ್ಲ ಎದ್ದು ನಿಂತರು, ಆಮೇಲೆ ಇನ್ನೊಂದು ಬದಿಯವರೂ ಈ ಬದಿಗೆ ಬಂದರು. ಬಸ್ಸು ವಾಲಿಕೊಂಡು ನಗುತ್ತಿತ್ತು. ವೀರೇಶ ಹತ್ತಿದಾಗ ಯಾರೋ ಚಪ್ಪಾಳೆ ತಟ್ಟಿದರು. ಪಕ್ಕದ ಬೋರ್ಡಿನ ಮಲ್ಲಿಕ್ ಅವನನ್ನು ಎಳೆದು ಕೂರಿಸಿಕೊಂಡ. "ಸಕ್ಕತ್ ಧೈರ್ಯ ಕಣೋ ನಿಂದು. ನಿನ್ ಕೈಲಿ ಇಂಥದ್ದು ಬರತ್ತೆ ಅಂತ ಅನ್ಕೊಂಡಿರ್ಲಿಲ್ಲ. ಇಡೀ ಬಸ್ಸು ಒಂದೇ ಏಟಿಗೆ ಗುರ್ತು ಹಿಡೀತು ಮಗಾ."

ಎಂಟು ವರ್ಷ ಯಾರ ಮುಖ ಬರೆದರೂ ಗುರುತು ಸಿಗದ ಜನರಿಗೆ, ಸಿಗಬಾರದ ಮುಖ ಸಿಕ್ಕಿಬಿಟ್ಟಿತ್ತು. ಯಾರ ಮುಖವೆಂದು ಮಲ್ಲಿಕನನ್ನು ಬಾಯಿಬಿಟ್ಟು ಕೇಳುವ ಧೈರ್ಯ ವೀರೇಶನಿಗಾಗಲಿಲ್ಲ. "ಮೆತ್ತಗೆ ಮಾತಾಡೋ, ಯಾರಾದ್ರೂ ಕೇಳಿಸ್ಕೊಂಡಾರು" ಎಂದ.

"ಮೆತ್ತಗೆ ಯಾಕೆ? ಮೂರನೇ ಫ್ಲೋರಲ್ಲಿ ನೇತಾಕಿದ್ಮೇಲೆ ಮುಚ್ಚಿಡೋಕೆ ಏನಿದೆ?" ಎಂದು ಮಲ್ಲಿಕ್ ಇನ್ನಷ್ಟು ನಕ್ಕ.

ತುಮಕೂರು ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಾಗ ಜಿ.ಎಂ. ಕಾರು ಬಾಗಲಗುಂಟೆಯ ಒಳಗಿಂದಲೇ ಬರುತ್ತದೆಂಬುದು ವೀರೇಶನಿಗೆ ಆಗ ನೆನಪಾಯಿತು. ಇಂದಲ್ಲ ನಾಳೆ ಅವರು ನೋಡುತ್ತಾರೆ, ನೋಡಿದ ಮೇಲೆ ಜಿಗಣಿಗೆ ಹೋಗುವ ಇಬ್ಬರಲ್ಲಿ ಮೊದಲನೆಯ ಹೆಸರು ತನ್ನದೇ.

ಸಂಜೆ ಅವನು ನೇರವಾಗಿ ರಾಮಾಂಜಿನಪ್ಪನವರ ಜಗಲಿಗೆ ಹೋದ. "ಅಣ್ಣ, ಆ ಗೊಂಬೆ ಅಷ್ಟು ಚೆನ್ನಾಗಿ ಬಂದಿಲ್ಲ. ಇಳಿಸಿಕೊಡಿ, ಇನ್ನೊಂದು ಬರೆದುಕೊಡ್ತೀನಿ" ಎಂದ.

"ಗೃಹಪ್ರವೇಸ ಆಗೋಗಂಟ ದಿಷ್ಟಿ ಬೊಂಬೆ ಇಳ್ಸಂಗಿಲ್ಲ ಸಾರ್," ಎಂದರು ರಾಮಾಂಜಿನಪ್ಪನವರು. "ಇವತ್ತು ತಾರ್ಸಿ ಮೋಲ್ಡ್ ಆಕುದ್ವಿ. ಎಂಗೆ ಕೂತದೆ ಅಂತೀರಾ, ಒಂದು ಅನಿ ನೀರು ಸೋರ್ನಿಲ್ಲ. ಜನ ನಿಂತ್ಕೊಂಡು ಬೊಂಬೆ ನೋಡಿ ನಗ್ತಾ ಓಯ್ತಾವ್ರೆ, ಕಟ್ಟಡದ್ ಮ್ಯಾಲೆ ಒಬ್ರ ಕಣ್ಣೂ ಬೀಳ್ತಿಲ್ಲ. ಅದು ಅಲ್ಲೇ ಇರ್ಲಿ."

ಗೃಹಪ್ರವೇಶ ಆಷಾಢ ಕಳೆದ ಮೇಲೆ. ಅಷ್ಟರಲ್ಲಿ ಅವನ ಉಗ್ರಾಣ ಪ್ರವೇಶ ಆಗಿಹೋಗಿರುತ್ತಿತ್ತು. ಇಳಿಸುವಂತಿಲ್ಲವೆಂದರೆ ತಿದ್ದುವುದೊಂದೇ ದಾರಿ. ಮುಂದಿನ ಭಾನುವಾರ ಗಾರೆಯವರು ಊಟಕ್ಕೆ ಕೂತಾಗ ಅವನು ಕರಿ ಬಣ್ಣದ ಡಬ್ಬಿ ಹಿಡಿದು ಸಾರುವೆ ಹತ್ತಿದ. ಜಿ.ಎಂ.ಗೆ ಮೀಸೆಯಿಲ್ಲ, ಕನ್ನಡಕವೂ ಇಲ್ಲ, ಅಷ್ಟು ಮಾತ್ರ ಅವನಿಗೆ ಖಚಿತವಾಗಿ ಗೊತ್ತಿತ್ತು. ಆದ್ದರಿಂದ ಗೊಂಬೆಗೆ ತುಟಿ ಮುಚ್ಚುವಂಥ ದಪ್ಪ ಮೀಸೆ ಇಳಿಸಿದ, ಅಗಲ ಕರಿ ಫ್ರೇಮಿನ ಕನ್ನಡಕ ತೊಡಿಸಿದ. ಕೆಳಗಿನಿಂದ ನೋಡಿದ ಪಿಳ್ಳಮ್ಮ, "ಮೀಸೆ ಬಂತಾ, ಬರ್ಲಿ ಬರ್ಲಿ" ಎಂದು ಸಂತೋಷಪಟ್ಟರು. ಇಳಿದು ಬಂದ ವೀರೇಶ ದೂರ ನಿಂತು ನೋಡಿದ. ಇನ್ನು ಜಿ.ಎಂ. ಅವರ ಸ್ವಂತ ತಾಯಿಗೂ ಗುರುತು ಸಿಗುವುದಿಲ್ಲ ಎಂಬ ಧೈರ್ಯ ಬಂತು. ಅಂದು ಅವನು ಹೊಟ್ಟೆ ತುಂಬ ಉಂಡ.

ಸೋಮವಾರ ಬಸ್ಸು ನಿಂತಿತು. ಆಮೇಲೆ ಎದ್ದ ನಗುವಿಗೆ ಎದುರು ಬೇಕರಿಯವನು ಚಹಾ ಸೋಸುವುದನ್ನು ಬಿಟ್ಟು ಹೊರಗೆ ಬಂದ. ಮಲ್ಲಿಕ್ ಕಣ್ಣೊರೆಸಿಕೊಳ್ಳುತ್ತ, "ಈಗ ಪೂರ್ತಿ ಆಯ್ತು ಗುರು. ಮೊದಲು ಸ್ವಲ್ಪ ಡೌಟಿದ್ದೋರಿಗೂ ಕ್ಲಿಯರ್ ಆಗೋಯ್ತು" ಎಂದ. ವೀರೇಶನಿಗೆ ತಲೆಯೇ ಓಡಲಿಲ್ಲ. ಮುಚ್ಚಿದಷ್ಟೂ ಬಯಲಾಗುವಂತೆ ಬರೆಯುವ ತನ್ನ ಕೈಯ ಶಕ್ತಿಗೆ ಅವನಿಗೇ ಭಯವಾಯಿತು. ಆ ಭಯದ ನಡುವೆಯೂ, ತಾನು ಇಷ್ಟು ದೊಡ್ಡ ಕಲಾವಿದನೇ ಎಂದು ಒಳಗೆ ಒಂದು ಚೂರು ಖುಷಿ ಇಣುಕಿ ಹೋದದ್ದು ಸುಳ್ಳಲ್ಲ.

ಗುರುವಾರ ಜಿ.ಎಂ. ಅವನನ್ನು ಕರೆಸಿದರು. ಕೊಠಡಿಯ ಬಾಗಿಲು ದಾಟುತ್ತಲೇ ಅವನು ಎಂದಿನಂತೆ ತಲೆ ತಗ್ಗಿಸಿ ನಿಂತ. ಮೇಜಿನ ಮೇಲೆ ಒಂದು ಕಾಗದ, ಅದರ ಮೇಲೆ ಕ್ಯಾಪು ತೆಗೆದ ಪೆನ್ನು. ಯಾರು ಎಲ್ಲಿಗೆ ಎಂಬ ಆದೇಶ ಅದೇ ಇರಬೇಕು.

"ಬಾಗಲಗುಂಟೆಯಲ್ಲಿ ಆ ಗೊಂಬೆ ಬರೆದಿರೋದು ನೀವಂತೆ," ಎಂದರು ಜಿ.ಎಂ. "ನಿನ್ನೆ ನಾನು ಕಾರು ನಿಲ್ಲಿಸಿ ನೋಡ್ದೆ."

ಇಷ್ಟು ಸಾಕಾಯಿತು. ಹತ್ತು ದಿನದಿಂದ ಕಟ್ಟಿಟ್ಟ ಅಂಜಿಕೆಯೆಲ್ಲ ಒಡೆದು ಹೊರಗೆ ಬಂತು. "ಸಾರ್, ತಪ್ಪಾಯ್ತು ಸಾರ್. ಹೊಟ್ಟೆಗೆ ಹಾಕ್ಕೊಳ್ಳಿ. ಅವತ್ತು ನೀವು ಎಲ್ಲರ ಮುಂದೆ ಹಾಗಂದ್ರಿ, ನನಗೆ ಬೇಜಾರಾಗಿತ್ತು. ಬೇಜಾರಲ್ಲಿ ನಿಮ್ಮ ಮುಖ ಬರೆದುಬಿಟ್ಟೆ. ಗುರುತು ಸಿಗದಿರಲಿ ಅಂತ ಆಮೇಲೆ ಮೀಸೆ, ಕನ್ನಡಕ ಎಲ್ಲ ಹಾಕಿದೆ. ಜಿಗಣಿಗೆ ಮಾತ್ರ ಕಳಿಸ್ಬೇಡಿ ಸಾರ್."

"ನನ್ನ ಮುಖಾನಾ?" ಎಂದರು ಜಿ.ಎಂ. ನಿಧಾನವಾಗಿ. "ವೀರೇಶ್, ಅದು ನೀವು. ಆ ಕಣ್ಣು ನಿಮ್ದು, ಮೂಗು ನಿಮ್ದು, ಡಬಲ್ ಗಲ್ಲ ನಿಮ್ದು. ಸಾಲದು ಅಂತ ನಿಮ್ಮದೇ ಮೀಸೆ, ನಿಮ್ಮದೇ ಕನ್ನಡಕ. ನನ್ನ ಡ್ರೈವರೂ ಅದನ್ನೇ ಹೇಳ್ದ, ಫ್ಯಾಕ್ಟರೀಲಿ ಎಲ್ಲರೂ ಅದನ್ನೇ ಮಾತಾಡ್ತಿದ್ದಾರೆ."

ವೀರೇಶನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಅಲ್ಲಿಂದ ಕನ್ನಡಕಕ್ಕೆ ಹೋಯಿತು. ಬಸ್ಸಿನ ಚಪ್ಪಾಳೆ, ಮಲ್ಲಿಕನ ಮಾತು, ಹೆಂಡತಿಯ ಸೆರಗು, ಎಲ್ಲ ಒಂದರ ಹಿಂದೊಂದು ಬಂದು ಮುಖಕ್ಕೆ ಹೊಡೆದವು. ಯಾರೂ ಕಂಡುಹಿಡಿಯದ ತಪ್ಪನ್ನು ಅವನೇ ಹೊತ್ತು ತಂದು ಜಿ.ಎಂ. ಮೇಜಿನ ಮೇಲೆ ಇಟ್ಟಿದ್ದ. ಅವಮಾನದಿಂದ ಅವನಿಗೆ ನಿಂತ ನೆಲದಲ್ಲೇ ಇಳಿದುಹೋಗುವಂತಾಯಿತು.

"ನಾನು ನಿಮ್ಮನ್ನ ಕರೆಸಿದ್ದು ಶಭಾಸ್ ಹೇಳೋಕೆ," ಎಂದು ಜಿ.ಎಂ. ಕಾಗದವನ್ನು ಅವನ ಕಡೆಗೆ ತಿರುಗಿಸಿದರು. ಕಂಪ್ಯೂಟರ್ ತರಬೇತಿಗೆ ಎಂಬುದರ ಕೆಳಗೆ ಮಲ್ಲಿಕನ ಹೆಸರಿತ್ತು, ಅದರ ಕೆಳಗೆ ಅವನದು. ಸಹಿ ಇನ್ನೂ ಬಿದ್ದಿರಲಿಲ್ಲ. "ಕಂಪ್ಯೂಟರ್ ಮುಂದೆ ಮೊದಲ ಆರು ತಿಂಗಳು ಮಾಡಿದ್ದೆಲ್ಲ ತಪ್ಪೇ ಆಗತ್ತೆ. ನಾಚಿಕೆ ಪಡೋರು ಕಲಿಯಲ್ಲ. ನಡುರಸ್ತೇಲಿ ತನ್ನನ್ನೇ ನೇತುಹಾಕ್ಕೊಂಡು ನಗೋ ಮನುಷ್ಯ ಕಲೀತಾನೆ ಅಂದ್ಕೊಂಡಿದ್ದೆ. ಈಗ ಏನ್ಮಾಡ್ಲಿ, ನೀವೇ ಹೇಳಿ."

ವೀರೇಶ ಮೇಜಿನ ಕೆಳಗಿನ ಬೂಟನ್ನೇ ನೋಡುತ್ತ ನಿಂತ.

"ಇಷ್ಟು ವರ್ಷದಲ್ಲಿ ಒಂದು ಸಲ ನನ್ನ ಮುಖ ನೋಡಿದ್ದೀರೇನ್ರೀ?" ಜಿ.ಎಂ. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ದಿನಾ ಬೆಳಿಗ್ಗೆ ನನ್ನ ಬೂಟಿಗೆ ಗುಡ್ ಮಾರ್ನಿಂಗ್ ಹೇಳ್ತೀರಿ. ಬರೆಯೋಕೆ ಮುಖ ಎಲ್ಲಿಂದ ಬರ್ಬೇಕು? ತಲೆ ಎತ್ತಿ. ಏನು ಕಾಣತ್ತೆ ಹೇಳಿ."

ವೀರೇಶ ತಲೆ ಎತ್ತಿದ. ಮೀಸೆಯಿಲ್ಲವೆಂಬುದು ಸರಿಯಾಗಿತ್ತು. ಆದರೆ ಕನ್ನಡಕವಿತ್ತು, ತೆಳ್ಳನೆಯ ಚಿನ್ನದ ಬಣ್ಣದ್ದು. ಮೂಗಿನಲ್ಲಿ ವಿಶೇಷವೇನೂ ಇರಲಿಲ್ಲ. ಕಣ್ಣುಗಳು ಉಬ್ಬಿರಲಿಲ್ಲ, ನಿದ್ದೆಗೆಟ್ಟು ಒಳಗೆ ಹೋಗಿದ್ದವು. ರಾಕ್ಷಸನದು ಹಾಗಿರಲಿ, ಒಬ್ಬ ಸಾಧಾರಣ ಸಿಟ್ಟಿನ ಮನುಷ್ಯನ ಮುಖವೂ ಅದಲ್ಲ. ಅವನು ನೋಡಿದ, ಇನ್ನೂ ನೋಡಿದ. ಸಿದ್ಧಾಂತ ನೆನಪಿಗೆ ಬರಲಿಲ್ಲ. ಬೋರ್ಡಿನ ಮುಂದೆ ಕೂತಾಗಿನ ಕಣ್ಣು ಮಾತ್ರ ಕೆಲಸ ಮಾಡುತ್ತಿತ್ತು.

"ಸಾರ್," ಎಂದ, "ನಿಮ್ಮ ಎಡಗಿವಿ ಬಲಗಿವಿಗಿಂತ ಕೆಳಗಿದೆ. ಕಾಲಿಂಚು ಇರಬಹುದು."

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಅರ್ಥವಾಯಿತು. ಜಿ.ಎಂ. ಎರಡು ಕೈಯ ಬೆರಳಿನಿಂದ ಎರಡೂ ಕಿವಿ ಮುಟ್ಟಿ ನೋಡಿಕೊಂಡರು. "ಕನ್ನಡಕದ ಅಂಗಡಿಯವನನ್ನ ಬಿಟ್ರೆ ಇದನ್ನ ಯಾರೂ ಹೇಳಿರಲಿಲ್ಲ" ಎಂದು ಗೊಣಗಿ, ಪೆನ್ನು ತೆಗೆದುಕೊಂಡು ಸಹಿ ಹಾಕಿದರು. "ಹೋಗಿ. ಇನ್ಮೇಲೆ ಬೂಟಿಗೆ ನಮಸ್ಕಾರ ಬೇಡ."

ಸಂಜೆ ವೀರೇಶ ಬಸ್ಸಿಳಿದು ಗೊಂಬೆಯ ಕೆಳಗೆ ನಿಂತ. ಸಂಶಯಕ್ಕೆ ಎಡೆಯೇ ಇರಲಿಲ್ಲ. ದಿನಾ ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ಕಾಣುವ ಆಸಾಮಿ ಕೊಂಬು ಮೂಡಿಸಿಕೊಂಡು ನಾಲಿಗೆ ಚಾಚಿದ್ದ. ಉಬ್ಬಿದ ಆ ಕಣ್ಣಿನಲ್ಲಿ ಕೋಪವಿದೆಯೆಂದು ಅವನು ಅಂದುಕೊಂಡೇ ಬರೆದಿದ್ದ. ಈಗ ನೋಡಿದರೆ ಅದು ಬರೀ ಹೆದರಿಕೆ.

ಮನೆಗೆ ಹೋಗಿ ಊಟಕ್ಕೆ ಕೂತು, ಕಂಪ್ಯೂಟರಿನ ಸುದ್ದಿಯನ್ನೂ ಜಿ.ಎಂ. ಕೊಠಡಿಯಲ್ಲಿ ಆದದ್ದನ್ನೂ ಶಿವಲಿಂಗಮ್ಮನಿಗೆ ಒಂದೂ ಬಿಡದೆ ಹೇಳಿದ. ಅವಳು ತಟ್ಟೆಗೆ ರೊಟ್ಟಿ ಹಾಕುತ್ತ ಕೇಳಿದಳು. ಜಿಗಣಿ ತಪ್ಪಿತೆಂದಾಗ ಮಾತ್ರ ಗೋಡೆಯ ಮೇಲಿನ ದೇವರಿಗೆ ಕೈಮುಗಿದಳು.

"ನಿನಗೆ ಅದು ನಾನು ಅಂತ ಯಾವಾಗ ಗೊತ್ತಾಯ್ತು?" ಎಂದು ಕೇಳಿದ.

"ಕಾಫಿ ತಂದಾಗ್ಲೇ ಗೊತ್ತಾತ್ರಿ."

"ಮತ್ತೆ ಯಾಕೆ ಹೇಳಲಿಲ್ಲ? ಹತ್ತು ದಿನ ನಾನು ಜೀವ ಕೈಯಲ್ಲಿ ಹಿಡ್ಕೊಂಡು ಓಡಾಡಿದೆ."

ಶಿವಲಿಂಗಮ್ಮ ಪಲ್ಯದ ಚಮಚವನ್ನು ಕೆಳಗಿಟ್ಟಳು. "ಲಗ್ನ ಆದಾಗಿಂದ ನೋಡ್ತಾ ಬಂದೀನ್ರಿ. ನಿಮ್ಮ ಕೈಯಾಗ ಒಂದು ಮುಖ ಸರಿಯಾಗಿ ಬಂದಿದ್ದು ಇದ ಮೊದಲು. ಹೇಳಿದ್ರ ಅಳಿಸಿಬಿಡ್ತಿದ್ರಿ."

ವೀರೇಶ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.